ಬಿದ್ದವರು ನಿಲ್ಲುವ ಬಾಗಿಲು

ರೋಮ್, ದೇಕಿಯುಸ್ ಚಕ್ರವರ್ತಿ ಸತ್ತ ವರ್ಷ, ಆಗಸ್ಟ್ ೩

ಮಗಳು ಕ್ರಿಸ್ಪಿನಾಳಿಗೆ ತಂದೆ ಪ್ರೋಕುಲುಸ್ ಬರೆಯುವುದು.

ನಾನು ಕ್ಷೇಮ. ಮಣಿಕಟ್ಟಿನ ಗಾಯ ಒಣಗಿದೆ. ಎಡಗಾಲು ಇನ್ನೂ ನೆಟ್ಟಗಾಗಿಲ್ಲ. ಏಳು ತಿಂಗಳು ಸೆರೆಯಲ್ಲಿ ಮರದ ಕೋಳಕ್ಕೆ ಸಿಕ್ಕಿದ್ದ ಕಾಲು, ಇಷ್ಟು ನಡೆಯುವುದೇ ಹೆಚ್ಚು. ಊರಾಚೆ ಸುರಂಗದಲ್ಲಿ ಗೋರಿಕಲ್ಲಿಗೆ ಅಕ್ಷರ ಕೆತ್ತುವ ಕೆಲಸಕ್ಕೆ ಮತ್ತೆ ಹೋಗುತ್ತಿದ್ದೇನೆ. ನಿನ್ನ ತಾಯಿಯ ಕಲ್ಲಿನ ಮೇಲಿನ ಕೆಂಪು ಬಣ್ಣ ಮಾಸಿತ್ತು, ಮತ್ತೆ ತುಂಬಿದೆ.

ಸಭೆಯಲ್ಲಿ ನನಗೆ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದಾರೆ. ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಮಕ್ಕಳನ್ನು ಕರೆತಂದು ಬೇಡಿಯ ಗುರುತಿಗೆ ಮುತ್ತಿಡಿಸುತ್ತಾರೆ. ಬೇಡವೆಂದರೂ ಬಿಡುವುದಿಲ್ಲ. ಆ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಹೊರಗೆ ಬಂದವನು ನಾನೊಬ್ಬ. ಧೂಪ ಹಾಕದೆ, ಮಣಿಯದೆ, ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ದೇವರೇ ಬಾಗಿಲು ತೆಗೆಸಿ ಹೊರಗೆ ತಂದವನು ಎಂದು ಜನ ನನ್ನನ್ನು 'ಸಾಕ್ಷಿ ಪ್ರೋಕುಲುಸ್' ಎಂದು ಕರೆಯುತ್ತಾರೆ.

ಕಾಗದ ಬರೆದ ಕಾರಣಕ್ಕೆ ಬರುತ್ತೇನೆ. ಬೇಕರಿಯವನ ಹೆಂಡತಿ ರೂಫಾ ಮೊನ್ನೆ ಸಿಕ್ಕಿದ್ದಳು. "ನಿಮ್ ಮಗಳನ್ನ ಹೋದ ವರ್ಷ ನೋಡಿದ್ದೆ ಕಣಣ್ಣಾ. ಸುಬುರಾ ಬೀದಿ ಕೊನೇಲಿ, ಬಲಿಪೀಠದ ಮುಂದೆ, ತಲೆ ಮೇಲೆ ಸೆರಗು ಹಾಕ್ಕೊಂಡು ಧೂಪ ಹಾಕ್ತಿದ್ಲು" ಎಂದಳು. ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದಳಂತೆ.

ದೇವತೆಗಳಿಗೆ ಧೂಪ ಹಾಕಿ, ಬಲಿಯ ಮಾಂಸ ತಿಂದು, ಚೀಟಿ ಬರೆಸಿಕೊಳ್ಳಿ ಎಂದು ಚಕ್ರವರ್ತಿಯ ಆಜ್ಞೆ ಬಂದಾಗ ನಮ್ಮ ಕ್ರೈಸ್ತರು ಎಷ್ಟು ಮಂದಿ ಸಾಲು ನಿಂತರೆಂದು ಬಲ್ಲೆ. ನಿನ್ನ ಬಂದರಿನಲ್ಲೇ ಬಲಿಪೀಠವಿತ್ತು. ಅಲ್ಲಿ ಗುರುತು ಹಿಡಿಯುತ್ತಾರೆಂದು ಇಷ್ಟು ದೂರ ಬಂದೆಯೇನು?

ಹೌದು ಅಥವಾ ಇಲ್ಲ. ಒಂದು ಸಾಲು ಸಾಕು.

ಪ್ರೋಕುಲುಸ್


ಸೆಂತುಮ್‌ಸೆಲ್ಲೆ ಬಂದರು, ಆಗಸ್ಟ್ ೨೨

ಅಪ್ಪನಿಗೆ ಕ್ರಿಸ್ಪಿನಾ ಮಾಡುವ ನಮಸ್ಕಾರ.

ಹೌದು.

ಧೂಪ ಹಾಕಿದೆ, ಮದ್ಯ ಎರೆದೆ, ಮಾಂಸ ತಿಂದೆ. ಹಂದಿಯ ಈಲಿ. ತಣ್ಣಗಾಗಿತ್ತು. ಅಧಿಕಾರಿ ಬಾಯಿ ತೆರೆಸಿ ನುಂಗಿದ್ದೇನೆಯೇ ಎಂದು ನೋಡಿದ. ಯಾಕೆ ಮಾಡಿದೆ ಎಂದು ನೀನು ಕೇಳಿಲ್ಲ, ನಾನೂ ಹೇಳುವುದಿಲ್ಲ.

ಇಲ್ಲಿನ ಸಭೆ ಸೇರುವುದು ಹಾಯಿ ಹೊಲಿಯುವವರ ಮನೆಯಲ್ಲಿ. ಹೀಗೆ ಧೂಪ ಹಾಕಿ ನಂಬಿಕೆಯಿಂದ ಬಿದ್ದವರು ನಾವು ಒಂಬತ್ತು ಮಂದಿ ಬಾಗಿಲ ಹೊರಗೆ ನಿಲ್ಲುತ್ತೇವೆ. ಒಳಗೆ ಹೋಗುವವರ ಕಾಲು ಮುಟ್ಟಿ, ನಮಗಾಗಿ ಪ್ರಾರ್ಥಿಸಿ ಎಂದು ಕೇಳಬೇಕು. ಕೆಲವರು ತಲೆ ಮುಟ್ಟಿ ಹೋಗುತ್ತಾರೆ, ಕೆಲವರು ಸೆರಗು ಎಳೆದುಕೊಳ್ಳುತ್ತಾರೆ. ಬಿದ್ದವರು ಪಶ್ಚಾತ್ತಾಪ ಪಟ್ಟರೆ ಮತ್ತೆ ಸೇರಿಸಿಕೊಳ್ಳಬಹುದು ಎಂದು ರೋಮಿನ ಬಿಷಪ್ ಕೊರ್ನೇಲಿಯುಸ್ ಹೇಳಿದ್ದಾರಂತೆ. ನಮ್ಮ ಗುರುಗಳು ಆ ಕಾಗದವನ್ನು ಬಾಗಿಲಲ್ಲೇ ನಿಂತು ನಮಗೆ ಓದಿ ಹೇಳಿದರು. ನನ್ನ ಸರದಿ ಬರಲು ಮೂರು ವರ್ಷ. ಸೆರೆ ಅನುಭವಿಸಿದ ಸಾಕ್ಷಿಯೊಬ್ಬರು ಎರಡು ಸಾಲು ಬರೆದುಕೊಟ್ಟರೆ ಬೇಗ ಆಗುತ್ತದಂತೆ.

ನಿನ್ನನ್ನು ಬಿಟ್ಟರೆ ನನಗೆ ಪರಿಚಯದ ಸಾಕ್ಷಿ ಇಲ್ಲ ಅಪ್ಪ.

ನಿನ್ನ ಅಳಿಯ ಫೆಲಿಕ್ಸ್ ಹಗ್ಗದ ಕೆಲಸದಲ್ಲಿದ್ದಾನೆ. ನೀನು ಅವನ ಸುದ್ದಿ ಕೇಳುವುದಿಲ್ಲವೆಂದು ಗೊತ್ತು, ಆದರೂ ಬರೆದೆ. ಉಣ್ಣೆಯ ಹೊದಿಕೆಯೊಂದನ್ನು ಹೇಸರಗತ್ತೆಯವನ ಕೈಯಲ್ಲಿ ಕಳಿಸಿದ್ದೇನೆ. ಕಾಲಿಗೆ ಸುತ್ತಿಕೋ.

ನಿನ್ನ ಮಗಳು
ಕ್ರಿಸ್ಪಿನಾ


ರೋಮ್, ಅಕ್ಟೋಬರ್ ೯

ಕ್ರಿಸ್ಪಿನಾಳಿಗೆ.

ಹೊದಿಕೆಯನ್ನು ತಂದವನ ಕೈಯಲ್ಲೇ ವಾಪಸು ಕಳಿಸಿದ್ದೇನೆ. ಬಲಿಯ ಮಾಂಸ ಹಿಡಿದ ಕೈ ನೇಯ್ದದ್ದು ನನ್ನ ಮೈಗೆ ಬೇಡ.

ಎರಡು ಸಾಲು ಬರೆಯುವುದಿಲ್ಲ. ಸಿಟ್ಟಿನಿಂದ ಹೇಳುವ ಮಾತಲ್ಲ. ನಾನು ಕೊರ್ನೇಲಿಯುಸನ ಸಭೆ ಬಿಟ್ಟು ತಿಂಗಳಾಯಿತು. ಬಿದ್ದವರಿಗೆ ಈ ಲೋಕದಲ್ಲಿ ಬಾಗಿಲಿಲ್ಲ, ಸತ್ತ ಮೇಲೆ ದೇವರು ಏನು ಮಾಡುತ್ತಾನೋ ಅದು ದೇವರಿಗೆ ಬಿಟ್ಟದ್ದು ಎನ್ನುವವರು ಇಲ್ಲಿ ಬೇರೆ ಸಭೆ ಸೇರುತ್ತಿದ್ದಾರೆ. ಜನ ಶುದ್ಧರು ಎಂದು ಗೇಲಿ ಮಾಡುತ್ತಾರೆ. ನಮಗೆ ಆ ಹೆಸರು ಸಾಕು.

ಅಲ್ಲಿ ಸೇರುವುದು ಹೀಗೆ. ಹಿರಿಯರು ಪವಿತ್ರ ರೊಟ್ಟಿಯ ಚೂರನ್ನು ಅಂಗೈಯಲ್ಲಿಡುತ್ತಾರೆ. ಬಾಯಿಗೆ ಹಾಕಿಕೊಳ್ಳಲು ಬಿಡುವುದಿಲ್ಲ. ತಮ್ಮ ಎರಡೂ ಕೈಯಿಂದ ನಮ್ಮ ಎರಡೂ ಕೈಯನ್ನು ಬಿಗಿಯಾಗಿ ಹಿಡಿಯುತ್ತಾರೆ. ಆಮೆನ್ ಎನ್ನುವ ಕಡೆ ನಾವು, "ಕೊರ್ನೇಲಿಯುಸನ ಕಡೆಗೆ ತಿರುಗಿ ಹೋಗುವುದಿಲ್ಲ" ಎನ್ನಬೇಕು. ಅಂದ ಮೇಲೆ ಕೈ ಬಿಡುತ್ತಾರೆ. ನಾನು ಮೊದಲ ಸಲಕ್ಕೇ ಗಟ್ಟಿಯಾಗಿ ಅಂದೆ. ನನ್ನ ಹಿಂದಿದ್ದವನ ಕೈಯನ್ನು ನೂರು ಎಣಿಸುವಷ್ಟು ಹೊತ್ತು ಹಿಡಿದಿದ್ದರು.

ಹೋದ ಭಾನುವಾರ ಬಿದ್ದವರಲ್ಲಿ ಒಬ್ಬಳು ಮುದುಕಿ ಹೊಸ್ತಿಲಿಗೆ ಅಡ್ಡ ಮಲಗಿದ್ದಳು. "ದಾಟಿ ಹೋಗಪ್ಪಾ ಸಾಕ್ಷಿ, ನಿನ್ ಕಾಲ್ ಧೂಳಾದ್ರೂ ಬೀಳ್ಲಿ" ಎಂದಳು. "ದೇವತೆಗಳು ಕೊಟ್ಟ ಮಾಂಸ ಸಾಲ್ದೇನಜ್ಜೀ?" ಎಂದು ಬಾಗಿಲು ಕಾಯುವವನು ಕೇಳಿದ. ಎಲ್ಲರೂ ನಕ್ಕರು. ನಾನು ದಾಟಿಹೋದೆ.

ನನಗೊಂದು ಕೆಲಸ ವಹಿಸಿದ್ದಾರೆ. ಕೊರ್ನೇಲಿಯುಸನೇ ಗುಟ್ಟಾಗಿ ಬಲಿಚೀಟಿ ಬರೆಸಿಕೊಂಡವನು ಎಂದು ನಮ್ಮಲ್ಲಿ ಮಾತಿದೆ. ಆ ಚೀಟಿಗಳ ಇನ್ನೊಂದು ಪ್ರತಿ ಅಧಿಕಾರಿಗಳ ಕಚೇರಿಯ ಕಪಾಟಿನಲ್ಲಿದೆ. ಅಲ್ಲಿನ ಗುಮಾಸ್ತನ ತಾಯಿಗೆ ಗೋರಿಕಲ್ಲು ಕೆತ್ತಿಕೊಡುತ್ತೇನೆ ಎಂದಿದ್ದೇನೆ, ಅವನು ಕಟ್ಟುಗಳನ್ನು ನೋಡಲು ಬಿಡುತ್ತಾನೆ. ಓದು ಬಲ್ಲವನೆಂದು ನನ್ನನ್ನು ಆರಿಸಿದರು.

ಪ್ರೋಕುಲುಸ್


ಸೆಂತುಮ್‌ಸೆಲ್ಲೆ ಬಂದರು, ಅಕ್ಟೋಬರ್ ೧೭

ಅಪ್ಪ,

ನಿನ್ನ ಕಾಗದ ಬಂದ ದಿನವೇ ಬರೆಯುತ್ತಿದ್ದೇನೆ. ಆ ಕಟ್ಟುಗಳನ್ನು ಬಿಚ್ಚಬೇಡ.

ಎರಡು ಸಾಲು ಬೇಡ, ಹೊದಿಕೆ ಬೇಡ, ನೀನು ಏನೂ ಕೊಡಬೇಡ. ಇದೊಂದು ಕೆಲಸ ಬಿಡು. ಕಾಲು ನೋಯುತ್ತದೆ ಅನ್ನು, ಕಣ್ಣು ಕಾಣಿಸುವುದಿಲ್ಲ ಅನ್ನು. ಬೇರೆ ಓದುಬಲ್ಲವರು ಇರುತ್ತಾರೆ. ಬೇರೆಯವರೂ ಬೇಡ. ಆ ಕಚೇರಿಯ ಹೆಗ್ಗಣಗಳು ಅವನ್ನು ತಿನ್ನುವವರೆಗೆ ಹಾಗೇ ಇರಲಿ.

ಬಿಷಪರ ಹೆಸರು ಅಲ್ಲಿ ಇರುವುದಿಲ್ಲ. ಇಲ್ಲದ್ದನ್ನು ಹುಡುಕುವವನು ಕೊನೆಯ ಚೀಟಿಯವರೆಗೂ ಹುಡುಕುತ್ತಾನೆ. ಅದೇ ನನ್ನ ಭಯ.

ನೀನು ಹೇಳಿದರೆ ನಡೆದು ರೋಮಿಗೆ ಬಂದು ನಿನ್ನ ಸಭೆಯ ಹೊಸ್ತಿಲಲ್ಲಿ ಆ ಮುದುಕಿಯ ಪಕ್ಕ ಮಲಗುತ್ತೇನೆ. ದಾಟಿಹೋಗು. ದಿನಾ ದಾಟು.

ಕ್ರಿಸ್ಪಿನಾ


ರೋಮ್, ನವೆಂಬರ್ ೨೦

ಕ್ರಿಸ್ಪಿನಾಳಿಗೆ.

ನಿನ್ನ ಹೆದರಿಕೆ ಅರ್ಥವಾಯಿತು. ನಿನ್ನ ಚೀಟಿ ಸಿಗುತ್ತದೆ ಎಂದು ತಾನೇ? ಸಿಕ್ಕರೆ ಓದುತ್ತೇನೆ. ಎಲ್ಲರದನ್ನೂ ಓದುತ್ತಿದ್ದೇನೆ, ನಿನಗೊಂದು ಬೇರೆ ಕಾನೂನು ಇಲ್ಲ.

ಹದಿನಾಲ್ಕು ಕಟ್ಟು ಮುಗಿದಿವೆ. ಕೊರ್ನೇಲಿಯುಸ್ ಇನ್ನೂ ಸಿಕ್ಕಿಲ್ಲ. ಸಿಕ್ಕವರು ಬಹಳ. ಗುಮಾಸ್ತ ದಿನಾ ಅದೇ ತಮಾಷೆ ಮಾಡುತ್ತಾನೆ. "ಏನ್ ಯಜಮಾನ್ರೇ, ನಿಮ್ ಸಭೆ ಆ ಕಡೆ ಬೀದೀಲಿ ಅಂತಾರೆ, ನೋಡಿದ್ರೆ ಎಲ್ಲಾ ನನ್ ಕಪಾಟಲ್ಲೇ ಕೂತಿದಾರೆ?"

ರೂಫಾಳ ಚೀಟಿ ಮೂರನೆಯ ಕಟ್ಟಿನಲ್ಲಿತ್ತು. ನಿನ್ನನ್ನು ಬಲಿಪೀಠದ ಮುಂದೆ ಅವಳು ಹೇಗೆ ನೋಡಿದಳು ಎಂದು ನಾನು ಆಗಲೇ ಕೇಳಬೇಕಿತ್ತು. ಅದೇ ಸಾಲಿನಲ್ಲಿ ನಿಂತಿದ್ದಳು. ಅವಳು ನಮ್ಮ ಸಭೆಗೆ ಬರತೊಡಗಿ ಎರಡು ತಿಂಗಳಾಗಿತ್ತು. ಭಾನುವಾರ ಎದ್ದು ನಿಂತು ಚೀಟಿ ಓದಿದೆ. ಅವಳ ಗಂಡ ಅಲ್ಲೇ ಕೂತಿದ್ದ, ಅವನಿಗೂ ಗೊತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಿ, "ಅಣ್ಣಾ, ನಾನ್ ನಿಮಗೆ ವಾರಾ ವಾರಾ ರೊಟ್ಟಿ ತಂದು ಕೊಟ್ಟೆನಲ್ಲಾ ಜೈಲಿಗೆ" ಎಂದಳು. ಆ ರೊಟ್ಟಿ ತಿಂದದ್ದಕ್ಕೆ ನಾನೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದೆ. ಗಂಡ ಅವಳನ್ನು ಮನೆಗೆ ಸೇರಿಸಲಿಲ್ಲವಂತೆ.

ಶಾಲೆಯ ಮೇಷ್ಟ್ರು ಅವಿತುಸ್ ನೆನಪಿದೆಯೇ, ನಿನಗೆ ಅಕ್ಷರ ಕಲಿಸಿದವನು? ಎಂಟನೆಯ ಕಟ್ಟು. ಅವನು ಬೀದಿಯಲ್ಲಿ ನನ್ನನ್ನು ಹಿಡಿದು, "ಪ್ರೋಕುಲಾ, ಓದಬೇಡಯ್ಯಾ, ಮಕ್ಕಳನ್ನ ಬಿಡಿಸ್ಕೊಂಡ್ ಹೋಗ್ತಾರೆ" ಎಂದ. ಓದಿದೆ. ಬಿಡಿಸಿಕೊಂಡು ಹೋದರು.

ನನಗೆ ಖುಷಿಯೆಂದು ತಿಳಿಯಬೇಡ. ಕಲ್ಲು ಕೆತ್ತುವವನು ತಪ್ಪು ಬಿದ್ದ ಅಕ್ಷರವನ್ನು ಒಡೆದು ತೆಗೆಯಲೇಬೇಕು. ಮುಚ್ಚಲು ಬರುವುದಿಲ್ಲ.

ಪ್ರೋಕುಲುಸ್


ಸೆಂತುಮ್‌ಸೆಲ್ಲೆ ಬಂದರು, ಡಿಸೆಂಬರ್ ೨

ಮಾವನವರಿಗೆ ಅಳಿಯ ಫೆಲಿಕ್ಸ್ ಬರೆಸುವುದು.

ನನಗೆ ಬರವಣಿಗೆ ಬಾರದು, ಬಂದರಿನ ಲೆಕ್ಕಿಗನ ಕೈಯಲ್ಲಿ ಬರೆಸುತ್ತಿದ್ದೇನೆ. ಹಾಗಾಗಿ ಎಲ್ಲವನ್ನೂ ಹೇಳುವಂತಿಲ್ಲ.

ನಾನು ನಿಮ್ಮವನಲ್ಲ. ನಮ್ಮಪ್ಪ ನೆಪ್ಚೂನನಿಗೆ ಹುಂಜ ಕೊಡುತ್ತಿದ್ದ, ನಾನೂ ಕೊಡುತ್ತೇನೆ. ಒಂದು ಚಿಟಿಕೆ ಧೂಪಕ್ಕೆ ನೀವು ಒಬ್ಬರನ್ನೊಬ್ಬರು ಸುಲಿದುಕೊಳ್ಳುವುದು ನನ್ನ ತಲೆಗೆ ಹತ್ತುವುದಿಲ್ಲ. ನನಗೆ ಹತ್ತುವುದು ಇಷ್ಟು: ನನ್ನ ಹೆಂಡತಿ ಅನ್ನ ನೀರು ಬಿಟ್ಟಿದ್ದಾಳೆ. ನಿಮ್ಮ ಕಾಗದ ಬಂದ ದಿನ ಇಡೀ ದಿನ ಹಗ್ಗದ ಅಂಗಳದಲ್ಲಿ ನಾರು ಬಿಡಿಸುತ್ತ ಕೂರುತ್ತಾಳೆ, ಬೆರಳಿನಿಂದ ರಕ್ತ ಬಂದರೂ ಏಳುವುದಿಲ್ಲ.

ಮೊನ್ನೆ ಕೇಳಿದೆ. "ನಿಮ್ಮಪ್ಪಂಗೆ ಇರೋದ್ ಹೇಳ್ಬಿಡೇ, ಮುದುಕ ಸುಮ್ನಾಗ್ತಾನೆ." ಅವಳು, "ನೀನು ಬಾಯಿ ಬಿಟ್ರೆ ನಾನು ಹಡಗು ಕಟ್ಟೆಯಿಂದ ಹಾರ್ತೀನಿ" ಎಂದಳು. ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. ಮಾತು ಕೊಟ್ಟಿದ್ದೇನೆ.

ಅದಕ್ಕೇ ನಾನು ಏನೂ ಹೇಳುವುದಿಲ್ಲ, ಕೇಳುತ್ತೇನೆ. ನಾಲ್ವರಲ್ಲಿ ಮೂವರು ಒಳಗೇ ಸತ್ತರು. ಜೈಲಿನವನು ನಿಮಗೊಬ್ಬರಿಗೆ ಯಾಕೆ ಬಾಗಿಲು ತೆಗೆದ? ಕಲ್ಲು ಕೆತ್ತುವವರಿಗೆ ಇಷ್ಟು ಯೋಚನೆ ಬರಬೇಡವೇ?

ಆ ಕಟ್ಟು ಮುಚ್ಚಿ, ಮನೆಗೆ ಹೋಗಿ ಬೇಳೆ ಬೇಯಿಸಿಕೊಂಡು ತಿನ್ನಿ.

ಫೆಲಿಕ್ಸ್, ಹಗ್ಗ ಹೊಸೆಯುವವನು


ರೋಮ್, ಗಾಲುಸ್ ಚಕ್ರವರ್ತಿಯ ಎರಡನೆಯ ವರ್ಷ, ಫೆಬ್ರವರಿ ೧೧

ಕ್ರಿಸ್ಪಿನಾಳಿಗೆ.

ಇಪ್ಪತ್ತಾರನೆಯ ಕಟ್ಟಿನಲ್ಲಿ, ಮೇಲಿನಿಂದ ಒಂಬತ್ತನೆಯದು. ನಕಲು ಮಾಡಿ ಬರೆಯುತ್ತೇನೆ.

"ಬಲಿಯ ಮೇಲ್ವಿಚಾರಕರಿಗೆ. ಗೋರಿಕಲ್ಲು ಕೆತ್ತುವ ಪ್ರೋಕುಲುಸ್, ವಯಸ್ಸು ಐವತ್ತೆಂಟು, ಬಲ ಹುಬ್ಬಿನ ಮೇಲೆ ಗಾಯದ ಗುರುತು, ಅರಿಕೆ ಮಾಡಿಕೊಳ್ಳುವುದು. ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು. ಈಗ ಕಾಯಿಲೆಯಿಂದ ನಾನೇ ಬರಲಾಗದೆ, ನನ್ನ ಪರವಾಗಿ ಮಗಳು ಕ್ರಿಸ್ಪಿನಾ ತಮ್ಮ ಎದುರಿಗೆ ಆಜ್ಞೆಯಂತೆ ಧೂಪ ಹಾಕಿ, ಮದ್ಯ ಎರೆದು, ಬಲಿಯನ್ನು ತಿಂದಿದ್ದಾಳೆ. ಇದನ್ನು ದೃಢೀಕರಿಸಬೇಕೆಂದು ಬೇಡುತ್ತೇನೆ."

ಕೆಳಗೆ ಮೂವರು ಅಧಿಕಾರಿಗಳ ಸಹಿ. ಅದರ ಕೆಳಗೆ ನನ್ನ ಹೆಸರು. ತಾರೀಕು, ನನಗೆ ಬಾಗಿಲು ತೆಗೆದ ಹಿಂದಿನ ದಿನ.

ಗುಮಾಸ್ತ, "ಸಿಕ್ಕಿದ್ರಾ ಬಿಷಪ್ಪು?" ಎಂದು ಕೇಳಿದ. ಇಲ್ಲ ಎಂದೆ. ಎದ್ದು ಬಂದೆ. ಚೀಟಿಯನ್ನು ಕಟ್ಟಿಗೇ ವಾಪಸು ಸೇರಿಸಿದೆ. ಕದ್ದರೆ ಅವನಿಗೆ ತಿಳಿಯುತ್ತದೆ, ಪ್ರತಿಯೊಂದಕ್ಕೂ ಸಂಖ್ಯೆ ಇದೆ.

ಆ ಭಾನುವಾರ ಬೇರೆ ಐದು ಹೆಸರು ಓದಿದೆ. ಓದದಿದ್ದರೆ ಯಾಕೆಂದು ಕೇಳುತ್ತಿದ್ದರು.

ನನ್ನ ಪರವಾಗಿ ಧೂಪ ಹಾಕು ಎಂದು ನಿನಗೆ ಹೇಳಿದವರು ಯಾರು? ಆ ಮೂವರು ಸತ್ತು ದೇವರ ಹತ್ತಿರ ಹೋದರು. ನಾನೂ ಅವರ ಜೊತೆ ಹೋಗುತ್ತಿದ್ದೆ. ಅದನ್ನು ನೀನು ಕಿತ್ತುಕೊಂಡೆ. ಒಂದು ವರ್ಷದಿಂದ ಮಕ್ಕಳು ಮುತ್ತಿಡುತ್ತಿರುವ ಕೈ ಇದು.

ಸಹಿ ನನ್ನ ಕೈಯಂತೆಯೇ ಇದೆ. ಹೆಸರಿನ ಎರಡನೆಯ ಅಕ್ಷರದ ಕಾಲನ್ನು ನಾನು ಉದ್ದಕ್ಕೆ ಎಳೆಯುತ್ತೇನೆ, ಅದೂ ಇದೆ. ನನ್ನ ಕೈ ಕದಿಯಲು ಎಷ್ಟು ದಿನ ಅಭ್ಯಾಸ ಮಾಡಿದೆ?

ಪ್ರೋಕುಲುಸ್


ಸೆಂತುಮ್‌ಸೆಲ್ಲೆ ಬಂದರು, ಜುಲೈ ೬

ಅಪ್ಪ,

ಐದು ತಿಂಗಳು ನಿನ್ನ ಕಾಗದವನ್ನು ಇಟ್ಟುಕೊಂಡಿದ್ದೆ. ಉತ್ತರ ಬರೆಯುವುದಿಲ್ಲ ಎಂದುಕೊಂಡಿದ್ದೆ.

ಸಹಿ ನಿನ್ನದೇ.

ಜೈಲಿನವನು ಬಂದರಿಗೆ ಹೇಳಿಕಳಿಸಿದ್ದ. ನಾನು ಬಂದಾಗ ಬಾಗಿಲಲ್ಲೇ, "ಬಾರಮ್ಮಾ, ನಿಮ್ಮಪ್ಪ ಮೂರ್ ದಿನದಿಂದ ನಿನ್ ಹೆಸ್ರೇ ಕೂಗ್ತಿದಾನೆ, ಪಕ್ಕದ್ ಕೋಣೆಯೋರು ಬೈತಿದಾರೆ" ಎಂದ. ಮೂರನೆಯವನ ಹೆಣ ಇನ್ನೂ ಅಲ್ಲೇ ಇತ್ತು, ನಿನ್ನ ಪಕ್ಕದ ಕೋಳದಲ್ಲಿ. ನಿನ್ನ ಮೈ ಸುಡುತ್ತಿತ್ತು, ಆದರೆ ನನ್ನ ಗುರುತು ಹಿಡಿದೆ. ಅಮ್ಮನ ಕಲ್ಲಿನ ಬಣ್ಣ ಮಾಸಿದೆಯೇ ಎಂದು ಕೇಳಿದೆ. ಬುದ್ಧಿ ತಪ್ಪಿದವನು ಅದನ್ನು ಕೇಳುವುದಿಲ್ಲ.

ಆಮೇಲೆ, "ನನ್ನ ಕರ್ಕೊಂಡ್ ಹೋಗು ಕ್ರಿಸ್ಪಾ, ಏನಾದ್ರೂ ಮಾಡು" ಎಂದೆ. ಏನಾದರೂ ಎಂದರೆ ಏನು ಎಂದು ನಾನು ಕೇಳಿದೆ. "ಏನಾದ್ರೂ. ಹೋಗಿ ಧೂಪ ಹಾಕು." ನಾನು ಮೂರು ಸಲ ಕೇಳಿದೆ ಅಪ್ಪ. ಮೂರನೆಯ ಸಲ, "ನೀನು ಹಾಕಿದ್ರೆ ನಾನು ಹಾಕಿದಂಗೆ ಆಗಲ್ಲ, ಹೋಗೇ" ಎಂದು ಬೈದೆ. ನಾನು ಚೀಟಿಯ ಎರಡೂ ಪ್ರತಿ ಬರೆಸಿಕೊಂಡು ಸೆರೆಗೆ ತಂದೆ. ನೀನು ಲೇಖನಿ ಹಿಡಿದು ಒಂದೇ ಏಟಿಗೆ ಹೆಸರು ಬರೆದೆ. ಎರಡನೆಯ ಅಕ್ಷರದ ಕಾಲು ಎಳೆದೆ.

ಹೊರಗೆ ಬಂದ ಮೇಲೆ ಜನ ಸೇರಿ ಹೇಗೆ ಬಿಟ್ಟರು ಎಂದು ಕೇಳಿದಾಗ, "ದೇವರು ಬಾಗಿಲು ತೆಗೆದ" ಎಂದೆ. ಹಾಗೆಂದು ನೀನು ನನ್ನ ಮುಖ ನೋಡಿದೆ. ನಾನು ಹೌದು ಎಂದೆ. ನೀನು ಮರೆತಿದ್ದೀಯೋ, ಮರೆತವನಂತೆ ಇದ್ದೀಯೋ ನನಗೆ ಇವತ್ತಿಗೂ ತಿಳಿಯದು. ಎರಡರಲ್ಲಿ ಯಾವುದಾದರೂ ನಾನು ಸುಮ್ಮನಿರುತ್ತಿದ್ದೆ. ಆದರೆ ನಾನು ಕದ್ದೆ ಎಂದು ನೀನು ಬರೆದೆ.

ಇನ್ನೊಂದು ಸುದ್ದಿ. ಹೊಸ ಚಕ್ರವರ್ತಿ ಬಿಷಪ್ ಕೊರ್ನೇಲಿಯುಸ್ ಅವರನ್ನು ಗಡೀಪಾರು ಮಾಡಿ ಕಳಿಸಿರುವುದು ನಮ್ಮ ಈ ಬಂದರಿಗೇ. ನಾನು ಅವರನ್ನು ನೋಡಿಲ್ಲ, ಅವರಿರುವ ಮನೆಯ ಗೋಡೆ ನೋಡಿದ್ದೇನೆ. ರೋಮಿನಿಂದ ಜನ ನಡೆದು ಬಂದು ಆ ಬೀದಿಯಲ್ಲಿ ಕೂತಿರುತ್ತಾರೆ. ಬಿದ್ದವರೂ ಬರುತ್ತಾರೆ. ಯಾರನ್ನೂ ಓಡಿಸುವುದಿಲ್ಲ.

ನೀನೂ ಬಾ. ಇಬ್ಬರೂ ಬಾಗಿಲಲ್ಲಿ ನಿಲ್ಲೋಣ. ಚೀಟಿಯ ವಿಷಯ ನಿನ್ನ ಬಾಯಿಂದಲೇ ಗುರುಗಳಿಗೆ ಹೇಳು, ಬೇರೆ ಯಾರಿಗೂ ಹೇಳಬೇಕಿಲ್ಲ. ಹೇಸರಗತ್ತೆಯವನಿಗೆ ಹೇಳಿದ್ದೇನೆ, ನಿನ್ನ ಕಾಲಿಗೆ ನಡೆಯುವ ಕಷ್ಟ ಬೇಡ, ಗಾಡಿಯಲ್ಲಿ ಜಾಗ ಕೊಡುತ್ತಾನೆ.

ನಿನ್ನ ಮಗಳು
ಕ್ರಿಸ್ಪಿನಾ


ರೋಮ್, ಸೆಪ್ಟೆಂಬರ್ ೧೫

ಹಗ್ಗದ ಫೆಲಿಕ್ಸನ ಹೆಂಡತಿಗೆ.

ಜ್ವರದಲ್ಲಿ ಮನುಷ್ಯ ಆಡುವುದು ಮಾತಲ್ಲ. ನೀನು ಕೇಳಿಸಿಕೊಳ್ಳಬಾರದಿತ್ತು.

ಕೊರ್ನೇಲಿಯುಸನ ಹತ್ತಿರ ಬರಲು ನನಗೆ ದಾರಿಯಿಲ್ಲ. ರೊಟ್ಟಿ ಕೈಯಲ್ಲಿಟ್ಟುಕೊಂಡು ಆಣೆ ಮಾಡಿದ್ದೇನೆ.

ಆ ಗುಮಾಸ್ತ ಹೆಂಡದಂಗಡಿಯಲ್ಲಿ ಬಾಯಿ ಬಿಟ್ಟ. ಕಪಾಟಿನಲ್ಲಿ ಪ್ರೋಕುಲುಸ್ ಎಂಬುವನೂ ಇದ್ದಾನೆ ಎಂದು ಸಭೆಯಲ್ಲಿ ಗುಸುಗುಸು ಎದ್ದಿತು. ಅವರು ಕೇಳುವ ಮೊದಲೇ ನಾನು ಎದ್ದು ನಿಂತೆ. ಬಿದ್ದ ಮಗಳೊಬ್ಬಳು ಇದ್ದಾಳೆ, ನನ್ನ ಕೈಬರಹ ಕದ್ದು, ನನಗೆ ತಿಳಿಯದಂತೆ ಚೀಟಿ ಮಾಡಿಸಿದಳು, ನಾನು ಜ್ಞಾನವಿಲ್ಲದೆ ಮಲಗಿದ್ದೆ ಎಂದೆ. ಮೂವರು ಅತ್ತರು. "ಎಂಥಾ ಹೆಣ್ಣು ಹುಟ್ತಪ್ಪಾ ನಿನಗೆ" ಎಂದು ಹೆಂಗಸೊಬ್ಬಳು ಹಣೆ ಚಚ್ಚಿಕೊಂಡಳು.

ಹಿರಿಯರು ರೊಟ್ಟಿಯನ್ನು ಅಂಗೈಯಲ್ಲಿಟ್ಟು ಎರಡೂ ಕೈ ಹಿಡಿದರು. ಏನು ಹೇಳಬೇಕೆಂದು ಹೇಳಿಕೊಟ್ಟರು. ನಾನು ಹೇಳಿದೆ: ನನಗೆ ಮಗಳಿಲ್ಲ.

ಮುಂದಿನ ಸಾಲಿನ ಜಾಗ ಹಾಗೇ ಇದೆ.

ಇನ್ನು ಬರೆಯಬೇಡ. ನಿನ್ನ ಕಾಗದ ತಂದರೆ ಒಲೆಗೆ ಹಾಕು ಎಂದು ಹೇಸರಗತ್ತೆಯವನಿಗೆ ತಿಳಿಸಿದ್ದೇನೆ.

ಸಾಕ್ಷಿ ಪ್ರೋಕುಲುಸ್


ರೋಮ್, ಮರುವರ್ಷ, ಜುಲೈ ೧

ಕ್ರಿಸ್ಪಿನಾಳಿಗೆ.

ನನಗೆ ಪಿಡುಗು ತಗುಲಿದೆ. ಊರಲ್ಲಿ ಮನೆಗೊಬ್ಬರು ಹೋಗುತ್ತಿದ್ದಾರೆ. ಗಂಟಲಲ್ಲಿ ನೀರು ಇಳಿಯುವುದಿಲ್ಲ, ಕಣ್ಣು ಕೆಂಪಾಗಿದೆ. ಇದು ನನ್ನದೇ ಬರಹ, ಅಕ್ಷರ ಓರೆಯಾಗಿದ್ದರೆ ಅದಕ್ಕೆ.

ಸಭೆಯಿಂದ ನನ್ನನ್ನು ಮೇ ತಿಂಗಳಲ್ಲಿ ಹೊರಹಾಕಿದರು. ಮೇಷ್ಟ್ರು ಅವಿತುಸ್ ಮಾಡಿಸಿದ್ದು. ಅವನು ಗುಮಾಸ್ತನಿಂದ ಚೀಟಿ ಇಸಿದುಕೊಂಡು, ನಮ್ಮ ಹಿರಿಯರನ್ನು ದೀಪ ಹಿಡಿಸಿ ಸುರಂಗಕ್ಕೆ ಕರೆದೊಯ್ದ. ಅಲ್ಲಿ ನಾನು ಕೆತ್ತಿದ ಮುನ್ನೂರು ಕಲ್ಲುಗಳಿವೆ. ಒಂದೊಂದರ ಪಕ್ಕದಲ್ಲೂ ಚೀಟಿ ಹಿಡಿದು ತೋರಿಸಿದ. "ನಲವತ್ತು ವರ್ಷ ಮಕ್ಕಳ ಬರಹ ತಿದ್ದಿದೀನಿ ಸ್ವಾಮೀ. ಕದ್ದ ಕೈ ತಡೆತಡೆದು ಬರೀತದೆ. ಇದು ನೀರು ಹರಿದಂಗೆ ಬಂದಿದೆ. ಇದನ್ನ ಬರೆದೋನಿಗೆ ಜ್ಞಾನ ಚೆನ್ನಾಗೇ ಇತ್ತು" ಎಂದನಂತೆ. ನಾನು ಹೊರಬರುವಾಗ ಹೊಸ್ತಿಲಲ್ಲಿ ಮಲಗಿದ್ದ ಮುದುಕಿ ಪಕ್ಕಕ್ಕೆ ಸರಿದು, "ಬಾ, ಜಾಗ ಇದೆ" ಎಂದಳು.

ಆಮೇಲೆ ಕೊರ್ನೇಲಿಯುಸನ ಕಡೆಯವರ ಮನೆಗೆ ಹೋದೆ. ಆಣೆ ಮುರಿದು ಹೋದೆ. ಅಲ್ಲಿನ ಗುರುಗಳು ಕೆಟ್ಟವರಲ್ಲ, ಕೂರಿಸಿ ಕೇಳಿದರು. ಒಬ್ಬರ ಪರವಾಗಿ ಮತ್ತೊಬ್ಬರು ಬಲಿ ಕೊಟ್ಟಿದ್ದರೆ ಇಬ್ಬರ ವಿಚಾರವೂ ಒಟ್ಟಿಗೇ ನಡೆಯುವುದು ಅವರ ಕ್ರಮ. ಬಲಿ ಕೊಟ್ಟವರನ್ನು ಸೇರಿಸಿಕೊಳ್ಳುವಾಗ, ಯಾರ ಹೆಸರಲ್ಲಿ ಕೊಟ್ಟೆ ಎಂದು ಕೇಳುತ್ತಾರೆ. ಆ ಹೆಸರು ಹೇಳಿದ್ದರೆ ಆ ಮನುಷ್ಯನೂ ಅಂದಿನಿಂದ ಪಶ್ಚಾತ್ತಾಪದಲ್ಲಿ ಇದ್ದಾನೆಂದು ಲೆಕ್ಕ. ಸಾಯುವ ಹೊತ್ತಿನಲ್ಲಿ ಅವನಿಗೆ ರೊಟ್ಟಿ ಕೊಡಬಹುದು. ಹೇಳಿರದಿದ್ದರೆ ಅವನು ಇಂದಿನಿಂದ ಹೊಸದಾಗಿ ನಿಲ್ಲಬೇಕು, ಮೂರು ವರ್ಷ. ಆಣೆ ಮಾಡಿ ಬಿಟ್ಟುಹೋದವನಿಗೆ ರಿಯಾಯಿತಿ ಇಲ್ಲ ಎಂದರು.

ನನಗೆ ಮೂರು ವಾರವೂ ಇಲ್ಲ.

ನಿನ್ನನ್ನು ಏಪ್ರಿಲ್‌ನಲ್ಲಿ ಸೇರಿಸಿಕೊಂಡರೆಂದು ಹೇಸರಗತ್ತೆಯವನಿಂದ ತಿಳಿಯಿತು. ಆ ದಿನ ನನ್ನ ಹೆಸರು ಹೇಳಿದೆಯಾ? ನಿಮ್ಮ ಗುರುಗಳಿಂದ ಒಂದು ಸಾಲು ಬರೆಸಿ ಇದೇ ಆಳಿನ ಕೈಯಲ್ಲಿ ಕಳಿಸು. ಅವನು ಕಾಯುತ್ತಾನೆ.

ನಿನ್ನ ಅಪ್ಪ


ಸೆಂತುಮ್‌ಸೆಲ್ಲೆ ಬಂದರು, ಜುಲೈ ೪

ಗೋರಿಕಲ್ಲು ಕೆತ್ತುವ ಪ್ರೋಕುಲುಸ್ ಅವರಿಗೆ.

ನಿಮ್ಮ ಕಾಗದ ತಲುಪಿತು. ನೀವು ಕಳಿಸಿದ ಆಳು ಅಂಗಳದಲ್ಲಿ ಕಾಯುತ್ತಿದ್ದಾನೆ. ಅವನಿಗೆ ಮೀನು ರೊಟ್ಟಿ ಕೊಟ್ಟಿದ್ದೇನೆ.

ಬಿಷಪ್ ಕೊರ್ನೇಲಿಯುಸ್ ಹೋದ ತಿಂಗಳು ಇಲ್ಲೇ ತೀರಿಕೊಂಡರು. ನೀವು ಯಾರ ಕಡೆಗೆ ತಿರುಗಿ ಹೋಗುವುದಿಲ್ಲ ಎಂದು ಆಣೆ ಮಾಡಿದ್ದಿರೋ ಅವರು ಈಗಿಲ್ಲ. ಬೀದಿಯಲ್ಲಿ ಕೂತಿದ್ದವರು ಇನ್ನೂ ಕೂತಿದ್ದಾರೆ. ಹೋಗಲು ಅವರಿಗೆ ಬೇರೆ ಜಾಗವಿಲ್ಲ.

ನನ್ನನ್ನು ಸೇರಿಸಿಕೊಂಡದ್ದು ಏಪ್ರಿಲ್ ಹತ್ತರಂದು. ಅಷ್ಟು ಹೊತ್ತಿಗೆ ಒಂದು ವರ್ಷ ಎಂಟು ತಿಂಗಳು ಬಾಗಿಲಲ್ಲಿ ನಿಂತಿದ್ದೆ. ಮತ್ತೆ ಹಿಂಸೆ ಶುರುವಾಗುತ್ತದೆಂದು ಉಳಿದ ದಿನಗಳನ್ನು ಎಲ್ಲರಿಗೂ ಬಿಟ್ಟರು. ಗುರುಗಳು ಒಬ್ಬೊಬ್ಬರನ್ನೇ ಒಳಕ್ಕೆ ಕರೆದು ಕೇಳಿದರು. ನನ್ನನ್ನೂ ಕೇಳಿದರು.

"ಬೇರೆ ಯಾರ ಹೆಸರಲ್ಲಿ ಧೂಪ ಹಾಕಿದೆ ತಾಯಿ?"

"ಯಾರ ಹೆಸರಲ್ಲೂ ಇಲ್ಲ" ಎಂದೆ.

ಅವರಿಗೆ ಅನುಮಾನ ಬಂತು. "ಗಂಡ?"

"ಗಂಡ ನಮ್ಮವನಲ್ಲ. ಅವನ ಧೂಪ ಅವನೇ ಹಾಕ್ಕೋತಾನೆ."

"ತಂದೆ?"

"ನನಗೆ ತಂದೆ ಇಲ್ಲ."

"ಯೋಚಿಸಿ ಹೇಳು. ಹೇಳಿದ್ರೆ ಅವರಿಗೂ ಒಳ್ಳೇದಾಗುತ್ತೆ" ಎಂದರು. ಕಾದರು. ಹೊರಗೆ ಹಾಯಿ ಹೊಲಿಯುವವರು ಏನೋ ಮಾತಾಡಿಕೊಂಡು ನಗುತ್ತಿದ್ದರು. ಯೋಚಿಸಿದೆ. ಅದನ್ನು ನೀವು ತಿಳಿಯಬೇಕೆಂದು ಬರೆಯುತ್ತಿದ್ದೇನೆ. ಅವಸರದಲ್ಲಿ ಬಂದ ಮಾತಲ್ಲ. "ಇಲ್ಲ" ಎಂದು ಇನ್ನೊಮ್ಮೆ ಹೇಳಿದೆ. ರೊಟ್ಟಿ ಕೊಟ್ಟರು, ತಿಂದೆ.

ಗುರುಗಳ ಮನೆ ಇಲ್ಲಿಂದ ಮೂರನೆಯದು. ಈಗ ಹೋಗಿ, ಅಂದು ಸುಳ್ಳು ಹೇಳಿದೆ ಎಂದರೆ ನಿಮ್ಮ ಹೆಸರು ಸೇರಿಸುತ್ತಾರೆ, ಬೇಕಾದ ಸಾಲು ಬರೆದುಕೊಡುತ್ತಾರೆ. ಸುಳ್ಳು ಹೇಳಿ ರೊಟ್ಟಿ ತಿಂದವಳನ್ನು ಮತ್ತೆ ಹೊರಗೆ ನಿಲ್ಲಿಸುತ್ತಾರೆ, ಈ ಸಲ ಬಹುಶಃ ಸಾಯುವವರೆಗೆ. ಫೆಲಿಕ್ಸ್, "ಹೋಗಿ ಹೇಳೇ, ಸಾಯ್ತಿರೋ ಮುದುಕ" ಎನ್ನುತ್ತಿದ್ದಾನೆ. ಅವನು ಒಳ್ಳೆಯವನು. ಆ ಬಾಗಿಲ ಹೊರಗೆ ನಿಲ್ಲುವುದು ಏನೆಂದು ಅವನಿಗೆ ಗೊತ್ತಿಲ್ಲ.

ನಿಮಗೆ ಈಗ ಗೊತ್ತಾಗಿದೆ. ಆದ್ದರಿಂದ ನಾನು ಹೋಗುವುದಿಲ್ಲ.

ಆಳು ಹೊರಡುತ್ತಿದ್ದಾನೆ. ದಾರಿ ಎರಡು ದಿನದ್ದು, ನಿಮಗೆ ಜ್ಞಾನವಿರುವಾಗಲೇ ಇದನ್ನು ಓದಿ ಹೇಳಬೇಕೆಂದು ಅವನಿಗೆ ತಿಳಿಸಿದ್ದೇನೆ.

ಕ್ರಿಸ್ಪಿನಾ, ಫೆಲಿಕ್ಸನ ಹೆಂಡತಿ